ಹಳೆಯ ಸಿಟ್ರೊಯೆನ್ ಡಿಎಸ್‌ಗೆ ಹಸಿರು ಎಣ್ಣೆಯೋ, ಕೆಂಪೋ?

ಪ್ರಶ್ನೆ: ಹಳೆಯ ಫ್ರೆಂಚ್ ಕಾರು ಸಿಟ್ರೊಯೆನ್ ಡಿಎಸ್ ಕೊಳ್ಳುತ್ತಿದ್ದೇನೆ. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ನೆಲಕ್ಕೆ ಕುಸಿದಿರುತ್ತದೆ. ಇದು ದೋಷವೇ? ಯಾವ ಎಣ್ಣೆ ಹಾಕಬೇಕು?

ಉತ್ತರ: ಈ ಗಾಡಿಯನ್ನು ಎತ್ತಿ ಹಿಡಿಯುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡ, ಹಾಗಾಗಿ ನಿಂತಾಗ ನಿಧಾನವಾಗಿ ಇಳಿಯುವುದು ಸಹಜ. ಎಂಜಿನ್ ಚಾಲೂ ಮಾಡಿ, ಗಾಡಿ ಪೂರ್ತಿ ಮೇಲೇಳುವವರೆಗೆ ಕದಲಿಸಬೇಡಿ. ಬ್ರೇಕ್‌ಗೂ ಅದೇ ಒತ್ತಡ ಬೇಕು. ಐಡಲ್‌ನಲ್ಲಿ ಕೆಲವೇ ಸೆಕೆಂಡಿಗೊಮ್ಮೆ 'ಟಿಕ್' ಎಂದರೆ ಮುಖ್ಯ ಅಕ್ಯುಮುಲೇಟರ್ ಗೋಳದ (ಎಣ್ಣೆಯ ಒತ್ತಡವನ್ನು ಕೂಡಿಡುವ ಗೋಳ) ನೈಟ್ರೋಜನ್ ಸೋರಿರುವ ಸಾಧ್ಯತೆ ಹೆಚ್ಚು, ಮೊದಲು ಅದನ್ನೇ ಪರೀಕ್ಷಿಸಿ.

ಎಣ್ಣೆಯಲ್ಲಿ ಮಾತ್ರ ತಪ್ಪಲೇಬಾರದು. 1966ರ ಕೊನೆಯಿಂದ ಯುರೋಪಿನ ಗಾಡಿಗಳಿಗೆ ಹಸಿರು ಖನಿಜ ಎಣ್ಣೆ ಎಲ್‌ಎಚ್‌ಎಂ ಬಂತು. ಬಾನೆಟ್ ಎತ್ತಿ ನೋಡಿ: ಹೈಡ್ರಾಲಿಕ್ ಭಾಗಗಳಿಗೆ ಹಸಿರು ಬಣ್ಣವಿದ್ದರೆ ಎಲ್‌ಎಚ್‌ಎಂ, ಕಪ್ಪಾಗಿದ್ದರೆ ಅದಕ್ಕೂ ಹಿಂದಿನ ಕೆಂಪು ಸಿಂಥೆಟಿಕ್ ಎಣ್ಣೆ ಎಲ್‌ಎಚ್‌ಎಸ್. ಹಸಿರು ವ್ಯವಸ್ಥೆಗೆ ಮಾಮೂಲಿ ಬ್ರೇಕ್ ಎಣ್ಣೆ ಸುರಿದರೆ ರಬ್ಬರ್ ಸೀಲುಗಳೆಲ್ಲ ಹಾಳು. ಎಣ್ಣೆಯ ಮಟ್ಟವನ್ನು ಎಂಜಿನ್ ಓಡುತ್ತಿರುವಾಗ, ಗಾಡಿಯನ್ನು ಅತಿ ಎತ್ತರಕ್ಕೇರಿಸಿ ನೋಡಿ.