ಅಲಾಯ್ ವೀಲಿನ ಹಳೇ ಬಣ್ಣ: ಕಾಸ್ಟಿಕ್ ಬೇಡ, ಮೊದಲು ಥಿನ್ನರ್ ಬಟ್ಟೆ ಹಿಡಿಯಿರಿ

ನೀವು ಕೇಳಿರೋದು ಇಷ್ಟು: ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೀರಿ, 15 ಇಂಚಿನ ನಾಲ್ಕು ಅಲಾಯ್ ವೀಲ್‌ಗಳ ಬಣ್ಣ ಅಲ್ಲಲ್ಲಿ ಉಬ್ಬಿ ಎದ್ದಿದೆ, ಹೊಸ ಬಣ್ಣಕ್ಕೆ ಮುಂಚೆ ಹಳೆಯದನ್ನು ಸೊಸೈಟಿ ಪಾರ್ಕಿಂಗಿನಲ್ಲೇ ತೆಗೆಯಬೇಕು. ಗ್ರಿಲ್ ಕೆಲಸದವರೊಬ್ಬರು ಕಾಸ್ಟಿಕ್ ಸೋಡಾ ನೀರಲ್ಲಿ ಮುಳುಗಿಸಿ ಅಂದಿದ್ದಾರೆ, ಸರಿಯೇ ಅಂತ.

ಸರಿಯಲ್ಲ. ಗ್ರಿಲ್ ಕಬ್ಬಿಣ, ಅದಕ್ಕೆ ಕಾಸ್ಟಿಕ್‌ನಿಂದ ಏನೂ ಆಗಲ್ಲ. ನಿಮ್ಮ ವೀಲ್ ಅಲ್ಯೂಮಿನಿಯಂ, ಅದನ್ನು ಕಾಸ್ಟಿಕ್ ತಿಂದೇ ಹಾಕುತ್ತದೆ. ಬುಸುಬುಸು ನೊರೆಯೇಳುತ್ತದಲ್ಲ, ಅದು ಹೈಡ್ರೋಜನ್, ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದ್ದು. ಆಚೆ ತೆಗೆದಾಗ ವೀಲ್ ಮಸಿ ಬಳಿದ ಹಾಗೆ ಕಪ್ಪಾಗಿರುತ್ತದೆ. ಎರಕದ ವೀಲಿನಲ್ಲಿ ಸಾಮಾನ್ಯವಾಗಿ ಶೇ. 7ರ ಸುಮಾರು ಸಿಲಿಕಾನ್ ಇರುತ್ತದೆ, ಅಲ್ಯೂಮಿನಿಯಂ ಕರಗಿ ಅದು ಮೇಲೆ ಉಳಿಯುತ್ತದೆ. ಆ ಮಸಿಯ ಮೇಲೆ ಪ್ರೈಮರ್ ನಿಲ್ಲಲ್ಲ.

ಮೊದಲು ಮೇಲಿರೋ ಬಣ್ಣ ಯಾವುದು ಅಂತ ಗೊತ್ತಾಗಬೇಕು. ಲ್ಯಾಕರ್ ಥಿನ್ನರ್‌ನಲ್ಲಿ ಬಟ್ಟೆ ಅದ್ದಿ ಒಂದೇ ಜಾಗದಲ್ಲಿ ಅರ್ಧ ನಿಮಿಷ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಅದು ಯಾರೋ ಮಧ್ಯೆ ಹೊಡೆಸಿದ ಸ್ಪ್ರೇ ಪೇಂಟ್, ಥಿನ್ನರ್ ಬಟ್ಟೆಯಲ್ಲೇ ಬಹುಪಾಲು ಹೋಗುತ್ತದೆ. ಹತ್ತದಿದ್ದರೆ ಕಂಪನಿಯ ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಾಕಿ ಬೇಯಿಸಿದ್ದು) ಅಥವಾ ಹಾರ್ಡ್‌ನರ್ ಬೆರೆಸಿದ ಬಣ್ಣ. ಅದು ಗಟ್ಟಿಯಾಗಿ ಹಿಡಿದಿರೋ ಕಡೆ ತೆಗೆಯೋ ಅಗತ್ಯವೇ ಇಲ್ಲ, 320 ನಂಬರಿನ (ನಂಬರ್ ಹೆಚ್ಚಾದಷ್ಟು ನಯವಾದ ಮರಳು ಕಾಗದ) ವಾಟರ್ ಪೇಪರ್‌ನಲ್ಲಿ ಹೊಳಪು ಹೋಗೋ ತನಕ ಉಜ್ಜಿದರೆ ಸಾಕು. ಕಂಪನಿ ಬಣ್ಣಕ್ಕಿಂತ ಒಳ್ಳೆ ತಳಪಾಯ ನಾವು ಮನೆಯಲ್ಲಿ ಹಾಕಲಾರೆವು ಅನ್ನೋದು ನನ್ನ ಅಭಿಪ್ರಾಯ. ಉಬ್ಬಿದ ಕಡೆ, ಪಾರದರ್ಶಕ ಕೋಟಿನ ಕೆಳಗೆ ಬಿಳೀ ಹುಳ ಹರಿದ ಹಾಗೆ ಗೆರೆ ಕಾಣೋ ಕಡೆ ಮಾತ್ರ ಲೋಹದ ತನಕ ಹೋಗಲೇಬೇಕು. ಸಮುದ್ರದ ಉಪ್ಪುಗಾಳಿಯಲ್ಲಿ ಈ ತುಕ್ಕು ಸಣ್ಣ ಗೀರಿನಿಂದ ಶುರುವಾಗಿ ಬಣ್ಣದ ಕೆಳಗೇ ಹಬ್ಬುತ್ತದೆ. ಮೇಲೆ ಹೊಸ ಬಣ್ಣ ಬಳಿದರೆ ಅದನ್ನೂ ಎಬ್ಬಿಸುತ್ತದೆ. ನಿಮ್ಮದು ಡೈಮಂಡ್ ಕಟ್ ವೀಲಾದರೆ ಮುಖಕ್ಕೆ ಪೇಪರ್ ಹಾಕಬೇಡಿ. ಅದರ ಮುಖದ ಹೊಳೆಯೋ ಸಣ್ಣ ಗೆರೆ ಲೇತ್ ಯಂತ್ರದ ಮೇಲೆ ಬಂದದ್ದು, ಕೈಯಲ್ಲಿ ವಾಪಸ್ ಬರಲ್ಲ.

ಟೈರ್ ಬಿಚ್ಚಿಸಿ, ವಾಲ್ವ್ ತೆಗೆಸಿ, ಅಂಟಿಸಿದ ಬ್ಯಾಲೆನ್ಸಿಂಗ್ ತೂಕಗಳನ್ನು ಕಿತ್ತುಬಿಡಿ. ಬಣ್ಣ ಮೆತ್ತಗೆ ಮಾಡಿ ಎಬ್ಬಿಸೋ ಪೇಂಟ್ ರಿಮೂವರ್ ರಬ್ಬರಿಗೆ ತಾಗಬಾರದು. ಸೋಪು ನೀರಲ್ಲಿ ಬ್ರೇಕ್ ಧೂಳು ತೊಳೆದು, ಬಣ್ಣದ ಮೇಲೆ 80ರ ಪೇಪರ್‌ನಿಂದ ಗೀರು ಹಾಕಿ. ಈ ಗೀರಿಲ್ಲದೆ ರಿಮೂವರ್ ಗಟ್ಟಿ ಕೋಟಿನ ಮೇಲೆ ಸುಮ್ಮನೆ ಕೂತು ಒಣಗುತ್ತದೆ. ಜೆಲ್ ರಿಮೂವರ್ ತಗೊಳ್ಳಿ, ಎರಡು ವೀಲಿಗೆ ಒಂದು ಲೀಟರ್ ಅಂತ ಲೆಕ್ಕ ಇಟ್ಟುಕೊಳ್ಳಿ. ಮುಂಬೈಯ ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ. ಒಂದು ದಿಕ್ಕಿಗೆ ಮಾತ್ರ ಬ್ರಷ್ ಎಳೆದು ದಪ್ಪಗೆ ಹಚ್ಚಿ, ತಕ್ಷಣ ಪಾಲಿಥೀನ್ ಹಾಳೆ ಮುಚ್ಚಿ. ರಿಮೂವರಿನಲ್ಲಿರೋ ಮೀಥೈಲೀನ್ ಕ್ಲೋರೈಡ್ ಕುದಿಯೋದು 40 ಡಿಗ್ರಿಗೇ. ಮೇ ತಿಂಗಳ ಬಿಸಿಲಲ್ಲಿ ವೀಲ್ ಇಟ್ಟರೆ ಬಣ್ಣ ಮೆತ್ತಗಾಗೋ ಮೊದಲೇ ಹಾರಿಹೋಗುತ್ತದೆ. ಬೆಳಿಗ್ಗೆ ಬೇಗ, ನೆರಳಲ್ಲಿ ಮಾಡಿ. ಹಾಳೆಯ ಕೆಳಗೆ ಬಣ್ಣ ಕಾಯಿಸಿದ ಹಾಲಿನ ಕೆನೆಯ ಹಾಗೆ ಮುದುಡುತ್ತದೆ. ಪೌಡರ್ ಆದರೆ ಮುದುಡಲ್ಲ, ಹಾಳೆಹಾಳೆಯಾಗಿ ಏಳುತ್ತದೆ, ಅದಕ್ಕೆ ಎರಡು ಮೂರು ಸುತ್ತು ಬೇಕು. 20-30 ನಿಮಿಷ ಬಿಟ್ಟು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ತೆಗೆಯಿರಿ. ಮೂಲೆಗಳಿಗೆ ನೈಲಾನ್ ಬ್ರಷ್. ಕಬ್ಬಿಣದ ತಂತಿ ಬ್ರಷ್ ಬೇಡ, ಅದರ ಚೂರು ಅಲ್ಯೂಮಿನಿಯಮ್ಮಲ್ಲಿ ಚುಚ್ಚಿಕೊಂಡು ಆಮೇಲೆ ತುಕ್ಕಿನ ಚುಕ್ಕೆಯಾಗುತ್ತದೆ.

ಪಾರ್ಕಿಂಗ್ ಬೇಸ್‌ಮೆಂಟಾದರೆ ಖಂಡಿತ ಬೇಡ. ಮೀಥೈಲೀನ್ ಕ್ಲೋರೈಡಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ನಿಲ್ಲುತ್ತದೆ, ದೇಹದೊಳಗೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅಮೆರಿಕದಲ್ಲಿ ಸಾಮಾನ್ಯ ಗ್ರಾಹಕರಿಗೆ ಇಂಥ ರಿಮೂವರ್ ಮಾರೋದನ್ನು 2019ರಲ್ಲಿ ನಿಲ್ಲಿಸಿದರು. ಧೂಳಿನ ಮಾಸ್ಕ್ ಇದನ್ನು ತಡೆಯಲ್ಲ, ತೆರೆದ ಜಾಗವೇ ಬೇಕು. ತೆಳು ನೈಟ್ರೈಲ್ ಗ್ಲೌಸಿನಲ್ಲಿ ರಿಮೂವರ್ ಕೆಲವೇ ನಿಮಿಷಕ್ಕೆ ಇಳಿದು ಕೈ ಉರಿಯುತ್ತದೆ, ಮೇಲೆ ಬಿದ್ದ ಕೂಡಲೇ ಬದಲಿಸಿ. ಕಣ್ಣಿಗೆ ಕನ್ನಡಕ ಇರಲಿ. ಕೆರೆದ ರಾಡಿ ಗಟಾರಕ್ಕೆ ಬೇಡ, ಹಳೇ ಡಬ್ಬಿಗೆ ಹಾಕಿ.

ಬಣ್ಣ ಹೋದಮೇಲೆ ತುಕ್ಕಿನ ಗುಂಡಿ, ಫುಟ್‌ಪಾತಿಗೆ ಉಜ್ಜಿದ ಅಂಚು 80ರಿಂದ ಶುರುಮಾಡಿ 180, 320. ಇದೇ ಹೊತ್ತಲ್ಲಿ ಒಳಮೈ ತಿರುಗಿಸಿ ಕಡ್ಡಿಗಳ ಬುಡ ನೋಡಿ. ಮುಂಬೈ ಹೊಂಡಗಳಿಗೆ ಬಿರುಕು ಬರೋದು ಅಪರೂಪವೇನಲ್ಲ, ಬಣ್ಣದ ಕೆಳಗೆ ಅಡಗಿರುತ್ತದೆ. ಕಂಡರೆ ಪುಟ್ಟಿ ತುಂಬಬೇಡಿ, ವೀಲ್ ಬದಲಿಸಿ. ಟೈರ್ ಕೂರೋ ಅಂಚಿನಲ್ಲಿ ಬಿಳಿ ಪುಡಿ ಇದ್ದರೆ ನಯವಾಗಿ ಉಜ್ಜಿ ತೆಗೆಯಿರಿ, ನಿಧಾನಕ್ಕೆ ಗಾಳಿ ಇಳಿಯೋದಕ್ಕೆ ಎಷ್ಟೋ ಸಲ ಅದೇ ಕಾರಣ.

ರಿಮೂವರಿನಲ್ಲಿ ಮೇಣವೂ ಇರುತ್ತದೆ, ಉಳಿದರೆ ಹೊಸ ಬಣ್ಣ ಮೀನ್ಕಣ್ಣು (ದುಂಡನೆಯ ಸಣ್ಣ ಗುಳಿ) ಬಿಡುತ್ತದೆ. ಸೋಪು ನೀರು, ಒಣಗಿದಮೇಲೆ ಥಿನ್ನರ್, ಪ್ರತಿ ಸಲ ಹೊಸ ಬಟ್ಟೆ. ಆಮೇಲೆ ಬರೀ ಕೈಯಲ್ಲಿ ಮುಟ್ಟದೆ ಅದೇ ದಿನ ಎಪಾಕ್ಸಿ ಪ್ರೈಮರ್. ಎಚಿಂಗ್ ಪ್ರೈಮರ್ (ಆಮ್ಲದಿಂದ ಲೋಹವನ್ನು ಸ್ವಲ್ಪ ಕೊರೆದು ಹಿಡಿಯೋದು) ಹಾಕೋದಾದರೆ ಅದರ ಮೇಲೆ ಪುಟ್ಟಿ ಬೇಡ, ಅದರ ಆಮ್ಲಕ್ಕೆ ಪುಟ್ಟಿ ಸರಿಯಾಗಿ ಕೂರಲ್ಲ.

ಪೌಡರ್ ಕೋಟಿಂಗಿಗೆ ಕೊಡೋದಾದರೆ ಹಳೇ ಬಣ್ಣ ಹೇಗೆ ತೆಗೀತೀರಿ ಅಂತ ಕೇಳಿ. ಪೌಡರ್ ಬೇಯಿಸೋದು 180-200 ಡಿಗ್ರಿಯಲ್ಲಿ. "ಭಟ್ಟಿಯಲ್ಲಿ ಸುಡ್ತೀವಿ" ಅಂದರೆ ಅದು 400ರ ಆಸುಪಾಸು, ಗಟ್ಟಿಯಾಗಲೆಂದು ವೀಲಿಗೆ ಶಾಖದಲ್ಲಿ ಕೊಟ್ಟ ಹದವೇ ಕೆಡುತ್ತದೆ. ವಾಪಸ್ ತಗೊಂಡು ಬನ್ನಿ.

ಹೊಸ ಬಣ್ಣ ಹಾಕೋವಾಗ ನಟ್ ಕೂರೋ ಇಳಿಜಾರು ಮತ್ತು ಹಬ್‌ಗೆ ತಾಗೋ ಹಿಂಬದಿ ಮುಖಕ್ಕೆ ಟೇಪ್ ಅಂಟಿಸಿ. ಅಲ್ಲಿ ಬಣ್ಣ ದಪ್ಪಗಿದ್ದರೆ ಒತ್ತಡಕ್ಕೆ ಅದು ಪುಡಿಯಾಗಿ ನಟ್ ಸಡಿಲಾಗುತ್ತದೆ. ಮ್ಯಾನ್ಯುಯಲ್‌ನಲ್ಲಿರೋ ಅಳತೆಗೆ ಬಿಗಿದು, 50-100 ಕಿ.ಮೀ. ಓಡಿಸಿದಮೇಲೆ ಬಿಗಿತ ಅಳೆಯೋ ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ನೋಡಿ.