2 ಗ್ರೇ (ವಿಕಿರಣ ಪ್ರಮಾಣದ ಅಳತೆ) ಎಕ್ಸ್-ರೇ ಕೊಟ್ಟರೂ ಕಾಮೆಟ್ ಪರೀಕ್ಷೆಯಲ್ಲಿ ಬಾಲ ಕಾಣಲಿಲ್ಲ. ಡಿಎನ್‌ಎ ಪೂರ್ತಿ ಸರಿಹೋಗಿದೆ ಎಂದರ್ಥವೇ?

ಅಲ್ಲ. ಕಾಮೆಟ್ ಪರೀಕ್ಷೆಯಲ್ಲಿ ಕೋಶದ ಡಿಎನ್ಎಯನ್ನು ವಿದ್ಯುತ್ತಿನಿಂದ ಎಳೆಯುತ್ತೇವೆ, ಕಡಿದ ಡಿಎನ್ಎ ಬಾಲದಂತೆ ಹೊರಚಾಚುತ್ತದೆ. ಬಾಲವಿಲ್ಲದ ಇಂಥ ಸ್ಲೈಡುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಲಿಂಫೋಸೈಟ್‌ಗಳನ್ನು (ರಕ್ತದ ಒಂದು ಬಗೆಯ ಬಿಳಿ ಕಣಗಳು) ವಿಕಿರಣದ ಕೋಣೆಯಿಂದ ತಂದು, ಒಂದು ಗಂಟೆಯ ನಂತರ ಲೈಸಿಸ್‌ಗೆ, ಅಂದರೆ ಕೋಶ ಒಡೆಯುವ ದ್ರಾವಣಕ್ಕೆ, ಇಟ್ಟೆ ಎಂದು ಬರೆದಿದ್ದೀರಿ. ಕೆಟ್ಟಿದ್ದು ಆ ಒಂದು ಗಂಟೆಯಲ್ಲೇ.

1 ಗ್ರೇ ಎಕ್ಸ್-ರೇ ಬಿದ್ದರೆ ಒಂದು ಮಾನವ ಕೋಶದಲ್ಲಿ ಸುಮಾರು ಸಾವಿರ ಒಂಟಿ ಎಳೆಯ ಕಡಿತಗಳು, 20ರಿಂದ 40 ಜೋಡಿ ಎಳೆಯ ಕಡಿತಗಳು ಆಗುತ್ತವೆ. ಇದರಲ್ಲಿ ಹೆಚ್ಚಿನ ಪಾಲು ನೇರ ಹೊಡೆತವಲ್ಲ. ನೀರಿನ ಅಣು ಒಡೆದು ಹುಟ್ಟುವ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ನ ಕೆಲಸ. ಕ್ಷಾರೀಯ ಕಾಮೆಟ್ ತೋರಿಸುವುದು ಮುಖ್ಯವಾಗಿ ಒಂಟಿ ಕಡಿತಗಳನ್ನು. ಅವುಗಳ ಮೇಲೆ ಪಾರ್ಪ್-1 ಎಂಬ ದುರಸ್ತಿ ಪ್ರೋಟೀನು ತಕ್ಷಣ ಬಂದು ಕೂರುತ್ತದೆ, ಎಕ್ಸ್‌ಆರ್‌ಸಿಸಿ-1 ಬೇಕಾದ ಕಿಣ್ವಗಳನ್ನು ಸೇರಿಸುತ್ತದೆ, ಲೈಗೇಸ್-3 ಬೆಸೆಯುತ್ತದೆ. 37 ಡಿಗ್ರಿಯಲ್ಲಿ ಇವುಗಳಲ್ಲಿ ಬಹುಪಾಲು ಒಂದು ಗಂಟೆಯೊಳಗೆ ಮುಚ್ಚಿಹೋಗಿರುತ್ತವೆ. ಕೊಠಡಿಯ ಉಷ್ಣತೆಯಲ್ಲೂ ದುರಸ್ತಿ ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ.

ಆದ್ದರಿಂದ ಟ್ಯೂಬನ್ನು ವಿಕಿರಣಕ್ಕೆ ಮುಂಚೆಯೇ ಮಂಜುಗಡ್ಡೆಯಲ್ಲಿಡಿ; ಆಮೇಲೆ ಇಟ್ಟರೆ ತಣ್ಣಗಾಗುವಷ್ಟರಲ್ಲೇ ದುರಸ್ತಿ ಶುರುವಾಗಿರುತ್ತದೆ. ವಿಕಿರಣ ಬೀಳುವಾಗಲೂ ಅದು ಮಂಜಿನಲ್ಲೇ ಇರಲಿ, ಸಾಗಿಸುವಾಗಲೂ. ಎಲ್ಲರೂ ಮರೆಯುವ ಜಾಗ ಅಗರೋಸ್ (ಕೋಶಗಳನ್ನು ಹಿಡಿದಿಡುವ ಜೆಲ್): ಅದು 37 ಡಿಗ್ರಿಯಲ್ಲಿರುತ್ತದೆ, ಕೋಶಗಳನ್ನು ಬೆರೆಸಿ ಮಾತಾಡುತ್ತಾ ನಿಂತರೆ ದುರಸ್ತಿಗೆ ನೀವೇ ಬಿಸಿ ಕೊಟ್ಟಂತೆ. ಬೆರೆಸಿದ ಕೂಡಲೇ ಸ್ಲೈಡಿಗೆ ಹಾಕಿ, ತಣ್ಣನೆಯ ಲೋಹದ ತಟ್ಟೆಯ ಮೇಲೆ ಗಟ್ಟಿ ಮಾಡಿ, ನೇರ ಲೈಸಿಸ್‌ಗೆ ಇಳಿಸಿ. ದ್ರಾವಣ 2.5 ಮೋಲಾರ್ ಉಪ್ಪು, 100 ಮಿಲಿಮೋಲಾರ್ ಇಡಿಟಿಎ, 10 ಮಿಲಿಮೋಲಾರ್ ಟ್ರಿಸ್, ಪಿಎಚ್ 10. 1% ಟ್ರೈಟಾನ್ ಬಳಸುವ ಮುನ್ನ ಸೇರಿಸಿ. 4 ಡಿಗ್ರಿಯಲ್ಲಿ ಕನಿಷ್ಠ ಒಂದು ಗಂಟೆ ಬಿಡಿ. ಕಿಣ್ವಗಳು ನಿಜವಾಗಿ ನಿಲ್ಲುವುದು ಇಲ್ಲಿ ಮಾತ್ರ. ವಿಕಿರಣ ಕೊಟ್ಟು ತಕ್ಷಣ ಲೈಸಿಸ್ ಮಾಡಿದ ಶೂನ್ಯ ನಿಮಿಷದ ಸ್ಲೈಡು ಇಲ್ಲದೆ ಯಾವ ದುರಸ್ತಿ ಲೆಕ್ಕವನ್ನೂ ನಾನು ನಂಬುವುದಿಲ್ಲ.

ಇನ್ನು "ಪೂರ್ತಿ ಸರಿಹೋಗಿದೆಯೇ" ಎಂಬುದು. ಕಾಮೆಟ್ ಅದಕ್ಕೆ ಉತ್ತರಿಸಲಾರದು. ವಿಭಜನೆಗೆ ಇಳಿಯದ ಲಿಂಫೋಸೈಟ್‌ನಲ್ಲಿ ನಕಲಾದ ಸೋದರ ಎಳೆ ಇಲ್ಲ, ಹಾಗಾಗಿ ಜೋಡಿ ಕಡಿತವನ್ನು ಅದನ್ನು ನೋಡಿಕೊಂಡು ತಿದ್ದುವ ದಾರಿಯೂ ಇಲ್ಲ. ಕು-70 ಮತ್ತು ಕು-80 ಪ್ರೋಟೀನುಗಳು ಕಡಿದ ತುದಿಗಳನ್ನು ಹಿಡಿಯುತ್ತವೆ, ಲೈಗೇಸ್-4 ಅಂಟಿಸುತ್ತದೆ, ನಡುವೆ ಕೆಲವು ಅಕ್ಷರ ಕಳೆದರೂ ಸರಿಯೇ. ಹರಿದ ಎರಡು ಹಗ್ಗಗಳ ತುದಿಗಳನ್ನು ಅದಲುಬದಲು ಮಾಡಿ ಗಂಟು ಹಾಕಿದರೂ ಎಳೆದಾಗ ಗಟ್ಟಿಯೇ ಇರುತ್ತದಲ್ಲ, ಹಾಗೆ ತಪ್ಪಾಗಿ ಕೂಡಿದ ಕ್ರೋಮೊಸೋಮಿಗೂ ಬಾಲ ಇರುವುದಿಲ್ಲ.

ಜೋಡಿ ಕಡಿತ ಉಳಿದಿವೆಯೇ ಎಂದು ತಿಳಿಯಲು ಗಾಮಾ-ಎಚ್2ಎಎಕ್ಸ್ (ಜೋಡಿ ಕಡಿತದ ಬಳಿ ಮೂಡುವ ಪ್ರೋಟೀನ್ ಗುರುತು) ಚುಕ್ಕೆಗಳನ್ನು ವಿಕಿರಣದ 30 ನಿಮಿಷದ ನಂತರ ಒಂದು ಸಲ, 24 ಗಂಟೆಯ ನಂತರ ಇನ್ನೊಂದು ಸಲ ಎಣಿಸಿ. ತಪ್ಪು ಜೋಡಣೆ ಪತ್ತೆ ಮಾಡಬೇಕಿದ್ದರೆ ಪಿಎಚ್‌ಎ (ಲಿಂಫೋಸೈಟ್‌ಗಳನ್ನು ವಿಭಜನೆಗೆ ಇಳಿಸುವ ವಸ್ತು) ಹಾಕಿ 48 ಗಂಟೆ ಬೆಳೆಸಿ, ಕೊನೆಯ ಕೆಲವು ಗಂಟೆ ಕಾಲ್ಸೆಮಿಡ್ (ವಿಭಜನೆಯನ್ನು ನಡುವೆ ನಿಲ್ಲಿಸುವ ರಾಸಾಯನಿಕ) ಕೊಟ್ಟು, ಮೊದಲ ವಿಭಜನೆಯಲ್ಲೇ ಎರಡು ಸೆಂಟ್ರೊಮಿಯರ್ (ವಿಭಜನೆಯಲ್ಲಿ ಕ್ರೋಮೊಸೋಮನ್ನು ಹಿಡಿದೆಳೆಯುವ ಜಾಗ; ಸಾಮಾನ್ಯವಾಗಿ ಒಂದೇ) ಇರುವ ಕ್ರೋಮೊಸೋಮುಗಳನ್ನು ಹುಡುಕಿ. ಎರಡನೆಯ ವಿಭಜನೆಗೆ ಬಿಟ್ಟರೆ ಅವುಗಳಲ್ಲಿ ಅರ್ಧದಷ್ಟು ಕಳೆದುಹೋಗಿರುತ್ತವೆ.