ಅಕ್ಷರ ವಿಚಾರ: ರಾಕ್‌ವೆಲ್ ಲೈಟ್ ಇಟಾಲಿಕ್ ಎಲ್ಲಿಗೆ ಸರಿ?

ಪ್ರಶ್ನೆ: ನಮ್ಮ ಕಾಫಿ ಪುಡಿ ಪ್ಯಾಕೆಟ್‌ಗೆ ಹೊಸ ಲೇಬಲ್ ಮಾಡಿಸುತ್ತಿದ್ದೇವೆ. ಡಿಸೈನ್ ಮಾಡುವ ಹುಡುಗ ಇಂಗ್ಲಿಷ್ ಸಾಲುಗಳಿಗೆಲ್ಲ ರಾಕ್‌ವೆಲ್ ಲೈಟ್ ಇಟಾಲಿಕ್ ಅನ್ನುವ ತೆಳುವಾದ, ವಾಲಿದ ಫಾಂಟ್ ಹಾಕಿದ್ದಾನೆ. ನೋಡೋಕೆ ಚೆನ್ನಾಗಿದೆ. ಆದರೆ ಇಷ್ಟು ತೆಳು ಅಕ್ಷರ ಪ್ರಿಂಟ್‌ನಲ್ಲಿ ನಿಲ್ಲುತ್ತಾ?
– ಓದುಗರು, ಚಿಕ್ಕಮಗಳೂರು

ಉತ್ತರ: ಬ್ರ್ಯಾಂಡ್ ಹೆಸರಿಗೆ, ಅದರ ಕೆಳಗಿನ ಒಂದು ಸಾಲಿಗೆ ನಿಲ್ಲುತ್ತದೆ. ಹಿಂಬದಿಯ ಸಣ್ಣ ಅಕ್ಷರಕ್ಕೆ ಖಂಡಿತ ಬೇಡ.

ರಾಕ್‌ವೆಲ್ 1934ರಲ್ಲಿ ಮೋನೋಟೈಪ್ ಕಂಪನಿಯಿಂದ ಬಂದ ಸ್ಲ್ಯಾಬ್ ಸೆರಿಫ್. ಅಕ್ಷರದ ತುದಿಗಳಲ್ಲಿ ಚಾಚಿರುವ ಚಿಕ್ಕ ಗೆರೆಯೇ ಸೆರಿಫ್; ಅದು ಚಪ್ಪಟೆಯಾದ, ಚೌಕಾಕಾರದ ಪಟ್ಟಿಯಂತಿದ್ದರೆ ಸ್ಲ್ಯಾಬ್. ಈ ಜಾತಿಯ ಅಕ್ಷರ ಹುಟ್ಟಿದ್ದು 19ನೇ ಶತಮಾನದ ಶುರುವಿನ ಇಂಗ್ಲೆಂಡಿನಲ್ಲಿ, ಗೋಡೆಗೆ ಅಂಟಿಸುವ ಪೋಸ್ಟರ್‌ಗಳಲ್ಲಿ ದೂರದಿಂದಲೇ ಕಣ್ಣಿಗೆ ಹೊಡೆಯಲಿ ಅಂತ. ಹಾಗಾಗಿ ಮೂಲದಲ್ಲಿ ಅದು ದಪ್ಪ, ಜೋರು ದನಿಯ ಅಕ್ಷರ. ಅದನ್ನೇ ತೆಳು ಮಾಡಿ, ಬಲಕ್ಕೆ ವಾಲಿಸಿದರೆ ಜೋರು ಹೋಗುತ್ತದೆ, ಆದರೆ ಪಾದ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಇದರ ಚೆಂದವೆಲ್ಲ ಇರುವುದು ಇಲ್ಲೇ. ಮದುವೆ ಕಾರ್ಡಿನ ಬಳುಕುವ ಅಕ್ಷರದಂತೆ ನಾಜೂಕು ತೋರಿಸಲು ಹೋಗುವುದಿಲ್ಲ, ಆದರೂ ಹಗುರ. ಕಾಫಿಗೆ ಒಪ್ಪುತ್ತದೆ, ಹುಡುಗನ ಕಣ್ಣು ಚೆನ್ನಾಗಿದೆ.

ಇನ್ನು ಪ್ರಿಂಟ್ ವಿಷಯ. ಬೊಡೋನಿಯಂಥ ಫಾಂಟ್‌ಗಳಲ್ಲಿ ಕಾಂಡ, ಅಂದರೆ ಅಕ್ಷರದ ನೆಟ್ಟಗಿನ ಮುಖ್ಯ ಗೆರೆ, ದಪ್ಪ, ಸೆರಿಫ್ ಕೂದಲೆಳೆ; ಅಕ್ಷರ ಚಿಕ್ಕದಾದರೆ ಮೊದಲು ಆ ಎಳೆಗಳೇ ಹಾರಿಹೋಗುತ್ತವೆ. ರಾಕ್‌ವೆಲ್‌ನಲ್ಲಿ ಕಾಂಡಕ್ಕೂ ಸೆರಿಫ್‌ಗೂ ದಪ್ಪದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಅದಕ್ಕೇ ಲೈಟ್ ಆದರೂ ತುಂಡು ತುಂಡಾಗಿ ಕಾಣುವುದು ಕಡಿಮೆ. ನಿಮಗೆ ತೊಂದರೆ ಬರುವುದು ಬೇರೆ ಕಡೆಯಿಂದ. ಪ್ಯಾಕೆಟ್ ಕಡು ಕಂದು ಬಣ್ಣದ್ದಾಗಿ, ಅಕ್ಷರ ಬಿಳಿಯಾಗಿದ್ದರೆ, ಸುತ್ತಲಿನ ಇಂಕ್ ಸ್ವಲ್ಪ ಹರಡಿದರೂ ಸಾಕು, ತೆಳು ಗೆರೆ ಮುಚ್ಚಿಹೋಗುತ್ತದೆ, ಅದರಲ್ಲೂ ಇಂಕ್ ಹೀರುವ ಒರಟು ಕಂದು ಕಾಗದವಾದರೆ ಕೇಳಲೇಬೇಡಿ. ಅಂಥ ಕಡೆ ಲೈಟ್ ಬಿಟ್ಟು ರೆಗ್ಯುಲರ್ ಇಟಾಲಿಕ್ ಹಾಕಿಸಿ. ತಿಳಿ ಹಿನ್ನೆಲೆಯ ಮೇಲೆ ಕಂದು ಅಕ್ಷರವಾದರೆ, ನಾಲ್ಕು ಬಣ್ಣ ಬೆರೆಸಿ ಆ ಕಂದು ತರಬೇಡಿ, ಒಂದೇ ಸ್ಪಾಟ್ ಕಲರ್ (ಮೊದಲೇ ಬೆರೆಸಿಟ್ಟ ಇಂಕ್) ಬಳಸಲು ಹೇಳಿ. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್, ಒಂದು ಕೂದಲಷ್ಟು ಸರಿದರೂ ತೆಳು ಅಕ್ಷರದ ಪಕ್ಕ ಬಣ್ಣದ ನೆರಳು ಕಾಣುತ್ತದೆ.

ತೂಕ, ಬೆಲೆ, ವಿಳಾಸಕ್ಕೆ ವಾಲದ, ರೆಗ್ಯುಲರ್ ದಪ್ಪದ ಅಕ್ಷರ ಇರಲಿ. ಕನ್ನಡಕ ಮನೆಯಲ್ಲಿ ಬಿಟ್ಟು ಅಂಗಡಿಗೆ ಬರುವವರೂ ಇರುತ್ತಾರೆ, ಅಲ್ವಾ?

ಪ್ರಶ್ನೆ: ನಾನು ಡಿಟಿಪಿ ಕೆಲಸ ಮಾಡುತ್ತೇನೆ. ನನ್ನ ಕಂಪ್ಯೂಟರ್‌ನಲ್ಲಿ ರಾಕ್‌ವೆಲ್ ಇದೆ, ಲೈಟ್ ಇಟಾಲಿಕ್ ಇಲ್ಲ. ಸುಮ್ನೆ ಅಕ್ಷರ ವಾಲಿಸುವ ಐ ಬಟನ್ ಒತ್ತಿದರೆ ಸಾಲದೇ?
– ಓದುಗರು, ದಾವಣಗೆರೆ

ಉತ್ತರ: ಒತ್ತಬಹುದು, ಬಹಳ ಜನಕ್ಕೆ ಗೊತ್ತೂ ಆಗುವುದಿಲ್ಲ. ರಾಕ್‌ವೆಲ್‌ನ ಅಸಲಿ ಇಟಾಲಿಕ್ ಕೂಡ ಕೈಬರಹದ ರೂಪಕ್ಕೆ ಹೋಗುವುದಿಲ್ಲ. ನೆಟ್ಟಗಿನ ಅಕ್ಷರವನ್ನೇ ವಾಲಿಸಿದ ರೂಪ ಅದು. ಆದರೆ ಅಸಲಿಯಲ್ಲಿ ದುಂಡು ಅಕ್ಷರಗಳನ್ನು ಕೈಯಿಂದ ತಿದ್ದಿರುತ್ತಾರೆ. ಯಂತ್ರ ವಾಲಿಸಿದರೆ ವೃತ್ತದ ಒಂದು ಮೂಲೆ ಸೊರಗಿ, ಇನ್ನೊಂದು ಮೂಲೆ ಊದಿಕೊಳ್ಳುತ್ತದೆ. ದೊಡ್ಡ ಅಕ್ಷರದಲ್ಲಿ ಈ ದೋಷ ಎದ್ದು ಕಾಣಿಸುತ್ತದೆ. ಅಷ್ಟಕ್ಕೂ ಐ ಬಟನ್ ಅಕ್ಷರವನ್ನು ತೆಳು ಮಾಡುವುದಿಲ್ಲವಲ್ಲ.

ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ಗೆ ಹೋಗಿ, ಪ್ಯಾನ್-ಯುರೋಪಿಯನ್ ಸಪ್ಲಿಮೆಂಟಲ್ ಫಾಂಟ್ಸ್ ಅನ್ನುವುದನ್ನು ಹಾಕಿಕೊಳ್ಳಿ. ಅದರಲ್ಲಿ ರಾಕ್‌ವೆಲ್‌ನ ಹೊಸ ಆವೃತ್ತಿಯಾದ ರಾಕ್‌ವೆಲ್ ನೋವಾದ ಲೈಟ್ ಇಟಾಲಿಕ್ ಬರುತ್ತದೆ, ಬೇರೆ ದುಡ್ಡು ಕೊಡಬೇಕಿಲ್ಲ. ಇಲ್ಲವಾದರೆ ಜಿಲ್ಲಾ ಸ್ಲ್ಯಾಬ್ (Zilla Slab) ನೋಡಿ. ಫೈರ್‌ಫಾಕ್ಸ್ ಬ್ರೌಸರ್‌ನ ಮೊಜಿಲ್ಲಾಗೆಂದು ಟೈಪೊಥೆಕ್ ಸಂಸ್ಥೆ ಮಾಡಿದ ಫಾಂಟ್, 2017ರಲ್ಲಿ ಬಂದದ್ದು. ಮುಕ್ತ ಲೈಸೆನ್ಸ್ ಇದೆ, ಲೈಟ್ ಇಟಾಲಿಕ್ ಕೂಡ ಇದೆ. ನನ್ನ ಕೇಳಿದರೆ, ಪ್ಯಾರಾ ಉದ್ದವಿದ್ದಾಗ ರಾಕ್‌ವೆಲ್‌ಗಿಂತ ಇದೇ ವಾಸಿ. ರಾಕ್‌ವೆಲ್‌ನ ದುಂಡು ಅಕ್ಷರಗಳು ಜಾಸ್ತಿ ಜಾಗ ತಿನ್ನುತ್ತವೆ.

ಪ್ರಶ್ನೆ: ಇಂಗ್ಲಿಷ್ ಸಾಲು ಲೈಟ್ ಇಟಾಲಿಕ್‌ನಲ್ಲಿದ್ದಾಗ, ಪಕ್ಕದ ಕನ್ನಡ ಸಾಲನ್ನೂ ಅಷ್ಟೇ ವಾಲಿಸಿದರೆ ಜೋಡಿ ಚೆನ್ನಾಗಿರುತ್ತದಾ?
– ಓದುಗರು, ಉಡುಪಿ

ಉತ್ತರ: ದಯವಿಟ್ಟು ಬೇಡ! ಸಾಫ್ಟ್‌ವೇರ್ ವಾಲಿಸುವುದು ಸಾಲಿನ ಬುಡವನ್ನು ಆಧಾರವಾಗಿಟ್ಟುಕೊಂಡು. ಮೇಲಿನ ತಲೆಕಟ್ಟು ಬಲಕ್ಕೆ ಹೋಗುತ್ತದೆ, ಕೆಳಗಿನ ಒತ್ತಕ್ಷರ ಎಡಕ್ಕೆ. "ರಾಷ್ಟ್ರ" ಎಂದು ಟೈಪ್ ಮಾಡಿ ವಾಲಿಸಿ ನೋಡಿ, ಕೆಳಗಿನ ಒತ್ತುಗಳು ಹಿಂದಿನ ಅಕ್ಷರದ ಅಡಿಗೆ ನುಗ್ಗುತ್ತವೆ. ಜೋಡಿ ಕೂಡಬೇಕಾದದ್ದು ಗೆರೆಯ ದಪ್ಪದಲ್ಲಿ, ವಾಲುವುದರಲ್ಲಿ ಅಲ್ಲ. ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಎರಡರಲ್ಲೂ ಲೈಟ್ ದಪ್ಪ ಸಿಗುತ್ತದೆ, ನೆಟ್ಟಗೇ ಇಟ್ಟು ಬಳಸಿ. ಪಾಯಿಂಟ್ ಸೈಜ್ ಎರಡಕ್ಕೂ ಒಂದೇ ಇಡಬೇಕೆಂದೇನಿಲ್ಲ. ಪ್ರಿಂಟ್ ತೆಗೆದು, ಒಂದು ಕೈ ದೂರದಲ್ಲಿ ಹಿಡಿದು, ಕಣ್ಣಿಗೆ ಸಮ ಅನ್ನಿಸುವವರೆಗೆ ಕನ್ನಡವನ್ನು ಹಿಗ್ಗಿಸಿ ಕುಗ್ಗಿಸಿ.